ಇಂದಿನ ಚಿಂತನೆ: ಸುಟ್ಟ ನಕ್ಷೆಗಳು



ಕಳೆದ ಭಾನುವಾರ ನಮ್ಮ ಬಳಗದಲ್ಲಿ ಒಬ್ಬ ತಮ್ಮ ಕೇಳಿದ: "ಸರ್, ಎಲ್ಲವೂ ಅನಿತ್ಯ ಅಂತೀರಿ. ಹಾಗಾದರೆ ಹಳೆಯದನ್ನು ಕಾಪಾಡೋದು ಅಂಟಿಕೊಂಡ ಹಾಗಲ್ಲವೇ?" ಆಗ ಉತ್ತರ ಹೊಳೆಯಲಿಲ್ಲ. ಆಮೇಲೆ ಒಂದು ಯಂತ್ರದ ಕತೆ ನೆನಪಾಯಿತು.

ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೇನಾ ವರಿಷ್ಠರ ಗುಪ್ತ ಸಂದೇಶಗಳನ್ನು ಬಿಡಿಸಲು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ 1944ರಲ್ಲಿ 'ಕೊಲೋಸಸ್' ಯಂತ್ರ ಕೆಲಸ ಶುರುಮಾಡಿತು. ಕಟ್ಟಿದವರು ಟಾಮಿ ಫ್ಲವರ್ಸ್. ಗಾರೆ ಕೆಲಸದವರ ಮಗ, ಅಂಚೆ ಇಲಾಖೆಯ ಎಂಜಿನಿಯರ್. ಅಷ್ಟೊಂದು ವಾಲ್ವ್ ಇರುವ ಯಂತ್ರ ನಡೆಯದು ಎಂದು ಅನುಮಾನಿಸಿದವರಿದ್ದರು. ಸುಮಾರು 1,600 ವಾಲ್ವ್ ಜೋಡಿಸಿ ಅವರು ನಡೆಸಿ ತೋರಿಸಿದರು. ಹಗಲಿರುಳು ಅದರ ಮುಂದೆ ದುಡಿದವರು ನೌಕಾಪಡೆಯ ಯುವತಿಯರು. ಯುದ್ಧ ಮುಗಿಯುವಷ್ಟರಲ್ಲಿ ಅಂಥ ಹತ್ತು ಯಂತ್ರಗಳಿದ್ದವು.

ಆಮೇಲೆ ಬಹುಪಾಲನ್ನು ಬಿಚ್ಚಿ ಹಾಕಿದರು. ನಕ್ಷೆಗಳನ್ನು ಸುಡಬೇಕೆಂದು ಫ್ಲವರ್ಸ್ ಅವರಿಗೇ ಆಜ್ಞೆಯಾಯಿತು. ಸುಟ್ಟರು. 1970ರ ದಶಕದವರೆಗೆ ಲೋಕಕ್ಕೆ ತಿಳಿಯಲಿಲ್ಲ. ಅಷ್ಟರಲ್ಲಿ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂಬ ಹೆಸರು ಅಮೆರಿಕದ ಎನಿಯಾಕ್‌ಗೆ ಹೋಗಿತ್ತು.

1993ರಲ್ಲಿ ಟೋನಿ ಸೇಲ್ ಮತ್ತು ಸಂಗಡಿಗರು ಮತ್ತೆ ಕಟ್ಟಲು ಹೊರಟರು. ಕೈಯಲ್ಲಿದ್ದದ್ದು ಕೆಲವು ಫೋಟೊ, ಎಂಜಿನಿಯರುಗಳ ಬಳಿ ಉಳಿದಿದ್ದ ಚೂರುಪಾರು ನಕ್ಷೆ, ಹಿರಿಯರ ನೆನಪು. 1996ರಲ್ಲಿ ಯಂತ್ರ ನಡೆಯಿತು. ತೊಂಬತ್ತು ದಾಟಿದ ಫ್ಲವರ್ಸ್ ಅದನ್ನು ಕಣ್ಣಾರೆ ಕಂಡರು. ಎರಡು ವರ್ಷಕ್ಕೆ ತೀರಿಕೊಂಡರು.

ಯುದ್ಧಕಾಲದ ಗುಟ್ಟಿಗೆ ಕಾರಣವಿತ್ತು, ಒಪ್ಪೋಣ. ಆದರೆ ಯಂತ್ರ ತಾನಾಗಿ ತುಕ್ಕು ಹಿಡಿಯುವುದು ಅನಿತ್ಯ. ನಕ್ಷೆ ಸುಡಿಸುವುದು ಮನುಷ್ಯರ ತೀರ್ಮಾನ. ಎರಡನ್ನೂ ಒಂದೇ ಮಾಡಬಾರದು. ಭಗವಾನರ ಪರಿನಿಬ್ಬಾಣದ ನಂತರ ಭಿಕ್ಖುಗಳು ರಾಜಗೃಹದಲ್ಲಿ ಸೇರಿ ಧಮ್ಮವನ್ನು ಒಟ್ಟಾಗಿ ಪಠಿಸಿ ಉಳಿಸಿದರು. ಅನಿತ್ಯವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ನಮ್ಮೂರ ಶಾಲೆಗೆ ಕಲ್ಲು ಹೊತ್ತವರಲ್ಲಿ ನಮ್ಮಜ್ಜನೂ ಒಬ್ಬ. ಗೋಡೆಯ ಮೇಲಿನ ಹೆಸರುಗಳಲ್ಲಿ ಆತನ ಹೆಸರಿಲ್ಲ. ಜೊತೆಗೆ ಯಾರ್‍ಯಾರಿದ್ದರು, ಕೂಲಿ ಎಷ್ಟು ಕೊಟ್ಟರು ಎಂದು ಆತ ಬದುಕಿದ್ದಾಗ ನಾನು ಕೇಳಲಿಲ್ಲ. ಅದನ್ನು ಯಾರೂ ಸುಡಲಿಲ್ಲ, ನಾನೇ ಕಳೆದೆ. ಎಂ.ಎ. ಓದಿದವನು, ಊರಿನವರ ಕತೆಯನ್ನೆಲ್ಲ ಪಾಠ ಮಾಡುವವನು!

ತಮ್ಮಾ, 'ನನ್ನದು' ಎಂದು ಹಿಡಿದರೆ ಅಂಟು. 'ಇದು ಅವರ ದುಡಿಮೆ' ಎಂದು ಉಳಿಸಿದರೆ ಅದು ಸತ್ಯಕ್ಕೆ ಸಲ್ಲಿಸುವ ಋಣ.

ಇಂದು ಸಂಜೆ ಮನೆಯ ಹಿರಿಯರ ಪಕ್ಕ ಕೂತು ಒಂದು ಮಾತು ಕೇಳಿ. ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಜೈಭೀಮ್.