ಬಡ್ಡಿಯಿಲ್ಲದ ಸಾಲ

ನಮ್ಮ ಫ್ಯಾಕ್ಟರಿಯ ಹೆಣ್ಣುಮಕ್ಕಳು ಕೆಲಸ ಬಿಡ್ತೀನಿ ಅಂತ ಬರುವುದು ಹೆಚ್ಚಾಗಿ ಶಾಲೆ ಫೀಸು ಕಟ್ಟುವ ತಿಂಗಳಲ್ಲಿ. ಯಾಕಮ್ಮ ಅಂದರೆ, "ಪಿಎಫ್ ತಗೊಬೇಕು ಮೇಡಂ, ಸಾಲ ಆಗಿದೆ" ಅನ್ನುತ್ತಾರೆ. ಮೈಸೂರು ರಸ್ತೆಯ ಈ ಗಾರ್ಮೆಂಟ್ಸ್‌ನಲ್ಲಿ ಪಿಎಫ್ ಲೆಕ್ಕದ ಮೇಜಿನ ಹಿಂದೆ ಕೂತು ನನಗೆ ಹದಿನೇಳು ವರ್ಷವಾಯಿತು. ಈ ಮಾತು ಕೇಳದ ವರ್ಷವಿಲ್ಲ.

ಮೊದಮೊದಲು ಅವರಿಗೆ ಬುದ್ಧಿ ಹೇಳುತ್ತಿದ್ದೆ. ಪಿಂಚಣಿ ಬೇಕಾದರೆ ಹತ್ತು ವರ್ಷದ ಸರ್ವಿಸ್ ಆಗಬೇಕು, ಎಲ್ಲ ತೆಗೆದುಬಿಟ್ಟರೆ ಎಣಿಕೆ ಮತ್ತೆ ಒಂದರಿಂದ ಶುರು, ನಾಳೆ ಮುದುಕಿಯಾದಾಗ ಏನು ಮಾಡ್ತೀಯ ಎಂದು. 2016ರಲ್ಲಿ ಕೇಂದ್ರ ಸರ್ಕಾರ, ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ನಿಯಮ ತಂದಿತು. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಾರು ಮಂದಿ ಹೊಸೂರು ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಕೈಗೆ ಬರುವ ದುಡ್ಡಿಗಾಗಿ ಇಷ್ಟು ಆತುರವೇ ಎಂದು ಆಗ ನನಗೆ ಬೇಸರವಾಗಿತ್ತು. ಆದರೆ ಅವರಿಗೆ ಆ ದುಡ್ಡು ವೃದ್ಧಾಪ್ಯದ ಗಂಟಾಗಿರಲಿಲ್ಲ, ಯಾರದೋ ಮುಂದೆ ತಲೆಯೆತ್ತಿ ನಿಲ್ಲುವ ದಾರಿಯಾಗಿತ್ತು. ಅದು ನನಗೆ ಅರ್ಥವಾದದ್ದು ನನ್ನದೇ ಸಾಲದಿಂದ.

2015ರಲ್ಲಿ ನಮ್ಮ ಯಜಮಾನರಿಗೆ ಹೃದಯದ ಆಪರೇಷನ್ ಆಯಿತು. ಕುಣಿಗಲ್ ತಾಲ್ಲೂಕಿನಲ್ಲಿ, ಯಡಿಯೂರಿಗೆ ಹತ್ತಿರದ ಹಳ್ಳಿಯಲ್ಲಿರುವ ಚಿಕ್ಕಮ್ಮ ತಮ್ಮ ಎರಡು ಸೀಮೆಹಸು ಮಾರಿ 80,000 ರೂಪಾಯಿ ತಂದುಕೊಟ್ಟರು. ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ್ದ ನೋಟು. ಬಡ್ಡಿಯಿಲ್ಲ, ಪತ್ರವಿಲ್ಲ, ಗಡುವೂ ಇಲ್ಲ. ಅದೇ ವರ್ಷ ಬ್ಯಾಂಕಿನಲ್ಲಿ ಒಡವೆ ಇಟ್ಟೆ, ಸಂಘದಲ್ಲೂ ಸಾಲ ತೆಗೆದೆ. ಬಡ್ಡಿ ಓಡುವುದನ್ನು ಮೊದಲು ತೀರಿಸು ಅಂತ ಲೆಕ್ಕ ಬಲ್ಲವರೆಲ್ಲ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಹಾಗೇ ಮಾಡಿದೆ. ಒಡವೆ ಬಿಡಿಸಿಕೊಂಡೆ. ಸಂಘದ್ದು ತೀರುತ್ತಲೂ ಮಗಳ ಕಾಲೇಜಿಗೆಂದು ಇನ್ನೊಂದು ತೆಗೆದು ಅದನ್ನೂ ತೀರಿಸಿದೆ. ಬಡ್ಡಿ ಕೇಳದವರ ಸಾಲ ಒಂಬತ್ತು ವರ್ಷ ಹಾಗೇ ಇತ್ತು, ಒಂದು ರೂಪಾಯಿಯೂ ತೀರದೆ.

2024ರ ಏಪ್ರಿಲ್‌ನಲ್ಲಿ ಪ್ರಮೋಷನ್ ಬಂದು ನನ್ನ ಬೇಸಿಕ್ 20,000 ಆಯಿತು. ಪಿಎಫ್‌ಗೆ ಕಾನೂನಿನ ಮಿತಿ 15,000. ಅದನ್ನು ದಾಟಿದವರು ಆ ಮಿತಿಯ ಮೇಲೆ ಮಾತ್ರ ಶೇಕಡ 12, ಅಂದರೆ 1,800 ಕಟ್ಟಬಹುದು. ಕಂಪನಿ ಒಪ್ಪಿದರೆ ಪೂರ್ತಿ ಬೇಸಿಕ್ ಮೇಲೂ ಕಟ್ಟಬಹುದು. ಪೂರ್ತಿ ಅಂದರೆ 2,400. ನಾನು 600 ಹೆಚ್ಚು ಹಾಕಿದರೆ ಕಂಪನಿಯೂ 600 ಹಾಕುತ್ತದೆ. ಹಾಕಿದ ದಿನವೇ ದುಡ್ಡು ಎರಡರಷ್ಟು, ಅದರ ಮೇಲೆ ವರ್ಷಕ್ಕೆ ಶೇಕಡ 8.25 ಬಡ್ಡಿ. ಇನ್ನೊಬ್ಬರ ಅರ್ಜಿಯಾಗಿದ್ದರೆ ಕಣ್ಣುಮುಚ್ಚಿ "ಪೂರ್ತಿ ಅಂತ ಬರೀರಿ" ಅನ್ನುತ್ತಿದ್ದೆ. ನನ್ನ ಅರ್ಜಿಯನ್ನು ಮೂರು ದಿನ ಡ್ರಾಯರ್‌ನಲ್ಲಿಟ್ಟುಕೊಂಡು ಕೂತೆ.

ಕನ್ನಡದಲ್ಲಿ ನಮಗೆ ಎರಡು ಮಾತಿವೆ: ಸಾಲ, ಋಣ. ಸಾಲಕ್ಕೆ ದರ ಇದೆ, ಕಂತು ಇದೆ. ಅನ್ನದ ಋಣಕ್ಕೆ, ಮಣ್ಣಿನ ಋಣಕ್ಕೆ ದರ ಎಲ್ಲಿದೆ? ತೈತ್ತಿರೀಯ ಸಂಹಿತೆ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುವ ಮಾತಾಡುತ್ತದೆ, ಋಷಿಗಳದು, ದೇವತೆಗಳದು, ಪಿತೃಗಳದು. ಅದು ಬ್ರಾಹ್ಮಣನನ್ನು ಕುರಿತು ಹೇಳಿದ್ದು. ಆದರೂ ಋಣ ಎಂಬ ಮಾತು ನಮ್ಮೂರಲ್ಲಿ ಎಲ್ಲ ಜಾತಿಯವರ ಬಾಯಲ್ಲೂ ಇದೆ. ನಮ್ಮ ಲೈನಿನಲ್ಲಿ ರಾಮನಗರದಿಂದ ಬರುವ ಮುಸ್ಲಿಂ ಟೈಲರ್ ಒಬ್ಬಳಿದ್ದಾಳೆ. ತೀರಿಹೋದವರ ಆಸ್ತಿ ಹಂಚುವ ಮೊದಲು ಅವರ ಸಾಲ ತೀರಿಸಬೇಕು ಎಂದು ಕುರಾನಿನಲ್ಲೇ ಇದೆ ಎಂದು ಅವಳು ಒಮ್ಮೆ ಹೇಳಿದ್ದಳು. ಮಕ್ಕಳ ಪಾಲಿಗಿಂತ ಮೊದಲು ಸಾಲ. ಆ ಮೂರು ದಿನ ಅವಳ ಮಾತು ನನ್ನನ್ನು ಬಿಡಲಿಲ್ಲ.

ನಮ್ಮ ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ್ದು ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ. ಗಂಡ ಮಾರಯ್ಯ ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬಾ ಎಂದು ವಾಪಸ್ಸು ಕಳಿಸಿದಳು. ಈ ಕಥೆ ಹೇಳಿ, ನಾಳೆಗೆಂದು ಕೂಡಿಡುವುದೇ ದೇವರ ಮೇಲೆ ನಂಬಿಕೆ ಇಲ್ಲದ ಲಕ್ಷಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಕ್ಕಮ್ಮನಿಗೆ ನಾಳೆಯೂ ಒಲೆ ಉರಿಯುವ ಒಂದು ಮಹಾಮನೆ ಊರಲ್ಲೇ ಇತ್ತು. ನಮ್ಮ ಟೈಲರ್‌ಗಳಿಗೆ ಇರುವುದು ತಿಂಗಳಿಗೆ 1,000 ರೂಪಾಯಿಯ ಕನಿಷ್ಠ ಪಿಂಚಣಿ. ಅವರಿಗೆ ಕೂಡಿಡಬೇಡಿ ಎನ್ನಲು ಯಾವ ಶರಣರ ಹೆಸರನ್ನೂ ನಾನು ತರಲಾರೆ. ಕಂಪನಿಯ ಪಾಲು ಕೂಡ ಹೆಚ್ಚಿನ ಅಕ್ಕಿಯಲ್ಲ, ದಾನವೂ ಅಲ್ಲ. ಮಾಡಿದ ಕಾಯಕಕ್ಕೆ ತಡವಾಗಿ ಸಿಗುವ ಕೂಲಿ ಅದು.

ಮೂರನೇ ರಾತ್ರಿ ಕಥೆಯನ್ನು ಇನ್ನೊಮ್ಮೆ ನೆನೆದೆ. ಲಕ್ಕಮ್ಮ ನಾಳೆಯ ಮಾತು ಎತ್ತಿದವಳೇ ಅಲ್ಲ ಅನ್ನಿಸಿತು. ಆ ಅಕ್ಕಿಯನ್ನು ನೋಡಿ ಅವಳ ಮನಸ್ಸಿನಲ್ಲಿ ಎದ್ದದ್ದು, ಇದು ಯಾರದು ಎಂಬ ಪ್ರಶ್ನೆ ಇರಬೇಕು. ನಮ್ಮದಲ್ಲ ಎಂದು ಗೊತ್ತಾದ ಮೇಲೆ ಒಳಗಿಡಲಿಲ್ಲ, ಅಷ್ಟೇ. ನನ್ನ 600ನ್ನು ಮುಂದಿಟ್ಟುಕೊಂಡು ಅದನ್ನೇ ಕೇಳಿದೆ. ಚಿಕ್ಕಮ್ಮನ ಕೊಟ್ಟಿಗೆ ಖಾಲಿ ಇರುವವರೆಗೆ ನನ್ನ ಹೆಸರಿನ ಖಾತೆಯಲ್ಲಿ ಬೆಳೆಯುವ ಆ ದುಡ್ಡು ಯಾರದು?

ನನ್ನ ಪಿಎಫ್‌ನಿಂದಲೇ ಅಡ್ವಾನ್ಸ್ ತೆಗೆಯಬಹುದಿತ್ತು. ಆದರೆ ಆಗ ಕಾರಣ ಹೇಳಬೇಕಿತ್ತು: ಕಾಯಿಲೆ, ಮದುವೆ, ಮನೆ. ಚಿಕ್ಕಮ್ಮನ ಋಣ ಎಂಬ ಕಾರಣ ಪಟ್ಟಿಯಲ್ಲಿರಲಿಲ್ಲ. ಎಷ್ಟೋ ಜನ ಕಾಯಿಲೆ ಎಂದು ಟಿಕ್ ಹಾಕುತ್ತಿದ್ದರು. ಅವರ ಕಷ್ಟ ಅವರಿಗೆ ಗೊತ್ತು. ಆ ಅರ್ಜಿಗಳನ್ನು ನೋಡುವ ಕುರ್ಚಿಯಲ್ಲಿ ಕೂತು ನನ್ನಿಂದ ಅದಾಗಲಿಲ್ಲ. ಸುಳ್ಳು ಬರೆದು ತಂದ ದುಡ್ಡಲ್ಲಿ ಈ ಋಣ ತೀರಿಸಲು ಮನಸ್ಸು ಬರಲಿಲ್ಲ.

1,800 ಎಂದು ಬರೆದು ಸಹಿ ಹಾಕಿದೆ. ಸಂಘದ ಕಂತು ಮುಗಿದು ಉಳಿದಿದ್ದ 1,900, ಅದರ ಜೊತೆ ಈ 600, ಒಟ್ಟು 2,500. ಮೂವತ್ತೆರಡು ತಿಂಗಳಿಗೆ 80,000 ತೀರುತ್ತದೆ. 1,900ರಂತೆಯೇ ಕೊಟ್ಟಿದ್ದರೆ ಸುಮಾರು ಹತ್ತು ತಿಂಗಳು ಹೆಚ್ಚು ಬೇಕಿತ್ತು. ಚಿಕ್ಕಮ್ಮನಿಗೆ ಆಗ ಅರವತ್ತೆಂಟು ವರ್ಷ. ಆ ಹತ್ತು ತಿಂಗಳು ನಾನು ಕಾಯಿಸಬಾರದಿತ್ತು. ಅಕೌಂಟ್ಸ್‌ನ ಗೆಳತಿ, ಕಂಪನಿಯ 600ನ್ನು ಮೂವತ್ತೆರಡು ತಿಂಗಳು ಬಿಟ್ಟರೆ 19,200 ನಷ್ಟ, ಬಡ್ಡಿ ಬೇರೆ ಎಂದಳು. ಅವಳ ಲೆಕ್ಕದಲ್ಲಿ ತಪ್ಪಿಲ್ಲ. ಸಾಲ ಬ್ಯಾಂಕಿನದಾಗಿದ್ದರೆ ನಾನೂ ಪಿಎಫ್‌ಗೇ ಹಾಕುತ್ತಿದ್ದೆ. ಬ್ಯಾಂಕಿನವರು ಬಡ್ಡಿ ತೆಗೆದುಕೊಂಡೇ ಕಾಯುತ್ತಾರೆ. ಚಿಕ್ಕಮ್ಮ ಸುಮ್ಮನೆ ಕಾದಿದ್ದರು.

ಒಂಬತ್ತು ವರ್ಷದಲ್ಲಿ ಅವರು ಒಮ್ಮೆಯೂ ಕೇಳಿರಲಿಲ್ಲ. ಹೋದಾಗಲೆಲ್ಲ ಮಣೆ ಹಾಕಿ ಕೂರಿಸಿ, ತುಪ್ಪ ಬಡಿಸಿ, ತಟ್ಟೆ ತೊಳೆಯಲೂ ಬಿಡುತ್ತಿರಲಿಲ್ಲ. ಹೊರಗಿನವರನ್ನು ಉಪಚರಿಸಿದ ಹಾಗೆ. ಅವರ ಕೈಯಲ್ಲೇ ಬೆಳೆದವಳು ನಾನು. ಮೇ ತಿಂಗಳ ಮೊದಲ ಭಾನುವಾರ 2,500 ಕೊಟ್ಟೆ. ಬೇಡ ಅನ್ನಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ಎರಡು ಸಲ ಎಣಿಸಿ ಅಕ್ಕಿ ಡಬ್ಬದೊಳಗೆ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಏನೇ ಕೂತ್ಕೊಂಡು ಬಿಟ್ಟೆ? ಜಗಲಿ ಮೇಲೆ ಹುಣಸೆಹಣ್ಣು ರಾಶಿ ಬಿದ್ದಿದೆ, ಬೀಜ ಬಿಡಿಸೋರು ಯಾರು?" ಎಂದು ಗದರಿದರು.

ಸೆರಗು ಸಿಕ್ಕಿಸಿಕೊಂಡು ಕೂತೆ. ಅವರೂ ಎದುರಿಗೆ ಕೂತರು. ಐದೂವರೆ ಬಸ್ಸು ಹೋದ ಸದ್ದು ಕೇಳಿಸಿತು. ಕೈಯೆಲ್ಲ ಅಂಟಾಗಿತ್ತು, ರಾಶಿ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ.