ಕಂಡು ಮುಚ್ಚಬಹುದೇ?



2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರನ್ನು ಇಂದಿಗೂ ಅಕ್ಕರೆಯಿಂದ ಕಾಪಾಡಿಕೊಂಡು ಬಂದವರುಂಟು. ಅಂಥವರೊಬ್ಬರು ಮನೆಯಂಗಳದಲ್ಲಿಯೇ ಅದರ ಗೇರ್‌ಬಾಕ್ಸನ್ನು ಬಿಚ್ಚಿ, ತೊಳೆದು, ಕ್ರಮವಾಗಿ ಮರುಜೋಡಿಸುತ್ತಿರುವರೆಂದು ಭಾವಿಸಿರಿ. ಗೇರನ್ನು ತನ್ನ ಸ್ಥಾನದಲ್ಲಿ ಹಿಡಿದು ನಿಲ್ಲಿಸುವ ಪುಟ್ಟ ಸ್ಪ್ರಿಂಗೊಂದು ಬಿಗುವು ಕಳೆದುಕೊಂಡಿರುವುದು ಅವರ ಕಣ್ಣಿಗೆ ಬೀಳುತ್ತದೆ. ಹೊಸದು ದೊರೆಯಲು ವಾರಗಳೇ ಬೇಕು. ಹಳೆಯದನ್ನೇ ಇಟ್ಟು ಮುಚ್ಚಳ ಬಿಗಿದರೆ ಕಾಣುವವರಾರು? ಸಮತಟ್ಟಾದ ರಸ್ತೆಯಲ್ಲಿ ಕಾರು ಓಡಿಯೇ ಓಡುತ್ತದೆ. ಆದರೆ ಘಟ್ಟವನ್ನಿಳಿಯುವಾಗ ಗೇರು ತಾನಾಗಿ ಕಳಚಿಕೊಂಡರೆ ಇಂಜಿನ್ನಿನ ಹಿಡಿತ ತಪ್ಪಿ, ಸಮಸ್ತ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಅಂದು ಚಾಲಕನ ಸ್ಥಾನದಲ್ಲಿ ಕುಳಿತವನು ಮತ್ತಾರೋ ಆಗಿರಬಹುದು.

ಬಿಚ್ಚುವ ಮೊದಲು ಆ ದೋಷ ಅಜ್ಞಾತವಾಗಿತ್ತು. ಕಂಡ ಮೇಲೆ ಅದು ಋಣವಾಯಿತು. ತಿಳಿಯದೆ ಬಿಟ್ಟವನನ್ನು ಲೋಕ ಕ್ಷಮಿಸೀತು. ಕಂಡೂ ಮುಚ್ಚಿದವನನ್ನು ಅವನ ಅಂತರಂಗವೇ ಕ್ಷಮಿಸದು. ಇಷ್ಟಲಿಂಗವನ್ನು ಧರಿಸಿ ಪೂಜಿಸುವ ಕೈಯೇ ಆ ಮುಚ್ಚಳವನ್ನೂ ಬಿಗಿಯುತ್ತದೆ. ಪೂಜೆಗೊಂದು ಕೈ, ದುಡಿಮೆಗೊಂದು ಕೈ ಎಂಬ ಭೇದ ಶರಣಧರ್ಮದಲ್ಲಿಲ್ಲ. ಕಾರು ಇನ್ನೂ ಕೆಲವು ವಾರ ಅಂಗಳದಲ್ಲಿಯೇ ನಿಂತಿರಲಿ. ನಮ್ಮ ನಮ್ಮ ಕಾಯಕದಲ್ಲಿ ನಾವು ಕಂಡು ಮುಚ್ಚಿಟ್ಟಿರುವುದೇನಾದರೂ ಉಂಟೇ ಎಂಬುದನ್ನು ನೀವೂ ನಾವೂ ಒಮ್ಮೆ ಬಿಚ್ಚಿ ನೋಡಿಕೊಳ್ಳೋಣ.