ಗೀಲೋ ಊರಿನ ಗೆಳೆಯ

ಗೆಳೆಯನ ದ್ರೋಹದ ಮಾತು ಬಂದಾಗಲೆಲ್ಲ ನಮಗೆ ಮೊದಲು ನೆನಪಾಗುವವನು ಯೂದ. ಆದರೆ ಅವನಿಗಿಂತ ಸುಮಾರು ಸಾವಿರ ವರ್ಷ ಹಿಂದೆ ಇನ್ನೊಬ್ಬ ಆಪ್ತನು ತನ್ನ ಒಡೆಯನನ್ನು ತೊರೆದು ವೈರಿಯ ಪಾಳೆಯ ಸೇರಿದ. ಕಡೆಗೆ ಯೂದನಂತೆಯೇ ನೇಣು ಹಾಕಿಕೊಂಡು ಸತ್ತ. ಅವನ ಹೆಸರು ಅಹೀತೋಫೆಲ. ಊರು, ಯೂದ ನಾಡಿನ ಗುಡ್ಡಗಾಡಿನ ಗೀಲೋ. ಬಲಿಪೂಜೆಯ ವಾಚನಗಳಲ್ಲಿ ಈ ಹೆಸರು ನಮ್ಮ ಕಿವಿಗೆ ಬೀಳುವುದು ಅಪರೂಪ.

ಈತ ದಾವೀದ ಅರಸನ ಮಂತ್ರಾಲೋಚಕ. ಈತನ ಸಲಹೆಗೆ ದೇವವಾಣಿಯಷ್ಟೇ ಬೆಲೆಯಿತ್ತೆಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಅಬ್ಷಾಲೋಮನು ತಂದೆಯ ವಿರುದ್ಧ ದಂಗೆಯೆದ್ದಾಗ ಈತನಿಗೆ ಹೇಳಿಕಳುಹಿಸಿದ, ಈತ ಬಂದ. ಬರಿಗಾಲಿನಲ್ಲಿ, ತಲೆಗೆ ಮುಸುಕು ಹಾಕಿ, ಅಳುತ್ತ ಓಲಿವ್ ಗುಡ್ಡ ಹತ್ತುತ್ತಿದ್ದ ದಾವೀದನಿಗೆ ಆ ಸುದ್ದಿ ಮುಟ್ಟಿತು. ಶತ್ರುವಿನ ಏಟಿಗಿಂತ ಪಂಕ್ತಿಯಲ್ಲಿ ಉಂಡ ಗೆಳೆಯನ ಏಟು ಹೆಚ್ಚು ನೋಯುತ್ತದೆಂಬ ಅಳಲು 41 ಮತ್ತು 55ನೆಯ ಕೀರ್ತನೆಗಳಲ್ಲಿದೆ. ಅದು ಅಹೀತೋಫೆಲನನ್ನು ಕುರಿತದ್ದೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಸರಳ. ಅರಸ ಒಳ್ಳೆಯವನು, ಗೆಳೆಯ ಕೃತಘ್ನ.

ಆದರೆ ಅದೇ ಗ್ರಂಥದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ದಾವೀದನ ಶೂರರ ಪಟ್ಟಿಯೊಂದಿದೆ. ನಾವು ಸಾಮಾನ್ಯವಾಗಿ ಓದದೆ ಹಾರಿಸಿಬಿಡುವ ಪುಟ ಅದು. ಅದರಲ್ಲಿ ಎಲೀಯಾಮನೆಂಬುವನಿದ್ದಾನೆ, ಗೀಲೋ ಊರಿನ ಅಹೀತೋಫೆಲನ ಮಗ. ಹನ್ನೊಂದನೆಯ ಅಧ್ಯಾಯಕ್ಕೆ ತಿರುಗಿದರೆ, ದಾವೀದನು ಮಾಳಿಗೆಯ ಮೇಲಿಂದ ಕಂಡು ಅರಮನೆಗೆ ಕರೆಸಿಕೊಂಡ ಬತ್ಷೆಬೆಯೂ ಎಲೀಯಾಮನ ಮಗಳು. ಈ ಇಬ್ಬರೂ ಒಬ್ಬನೇ ಎಲೀಯಾಮನೆಂದು ಗ್ರಂಥ ಬಾಯಿಬಿಟ್ಟು ಹೇಳುವುದಿಲ್ಲ. ಯೆಹೂದ್ಯ ಪಂಡಿತರು ಮಾತ್ರ ಪ್ರಾಚೀನ ಕಾಲದಿಂದಲೇ ಹಾಗೆ ಓದಿಕೊಂಡು ಬಂದಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ. ಹಾಗಾದರೆ ಬತ್ಷೆಬೆ ಅಹೀತೋಫೆಲನ ಮೊಮ್ಮಗಳು. ಆ ಶೂರರ ಪಟ್ಟಿಯ ಕಟ್ಟಕಡೆಯ ಹೆಸರು ಹಿತ್ತಿಯನಾದ ಊರೀಯ, ಅವಳ ಗಂಡ.

ಅಂದರೆ ಒಂದೇ ಮನೆತನದ ಮೂವರು ಗಂಡಸರು ದಾವೀದನಿಗಾಗಿ ಬದುಕು ಸವೆಸಿದವರು. ಅಜ್ಜ ಬುದ್ಧಿಯಿಂದ, ಮಗ ಮತ್ತು ಮೊಮ್ಮಗಳ ಗಂಡ ಖಡ್ಗದಿಂದ. ದೈವ ಮಂಜೂಷವೂ ಸೈನ್ಯವೂ ಬಯಲಿನ ಡೇರೆಗಳಲ್ಲಿರುವಾಗ ತಾನು ಮನೆಗೆ ಹೋಗಿ ಹೆಂಡತಿಯೊಡನೆ ಸುಖಿಸಲಾರೆನೆಂದು ಹಟ ಹಿಡಿದು ಅರಮನೆಯ ಬಾಗಿಲಲ್ಲೇ ಮಲಗಿದವನು ಊರೀಯ. ಅವನ ಮರಣಪತ್ರವನ್ನು ದಾವೀದನು ಬರೆದು ಅವನ ಕೈಯಲ್ಲೇ ಕೊಟ್ಟು ಕಳುಹಿಸಿದ. ಪತ್ರವನ್ನು ಅವನು ಒಡೆದು ನೋಡಲಾರನೆಂಬ ಭರವಸೆ ಅರಸನಿಗಿತ್ತು. ಗೆಳೆತನದ ನಂಬಿಕೆಯೇ ಕೊಲೆಯ ಉಪಕರಣವಾಯಿತು. ಈಗ ಕೇಳೋಣ: ಈ ಎರಡು ಮನೆಗಳ ನಡುವೆ ಮೊದಲ ದ್ರೋಹ ಯಾರದು?

ದಾವೀದ ಪಶ್ಚಾತ್ತಾಪಪಟ್ಟನಲ್ಲವೇ ಎಂದು ನೀವು ಕೇಳಬಹುದು. ಪಟ್ಟ, ಸಂದೇಹವಿಲ್ಲ. ಪ್ರವಾದಿ ನಾತಾನನು ಕುರಿಮರಿಯ ಸಾಮತಿ ಹೇಳಿ ಅವನ ಕಣ್ಣು ತೆರೆಸಿದ. ಅವನು ಉಪವಾಸ ಬಿದ್ದು ಅತ್ತ. 51ನೆಯ ಕೀರ್ತನೆಯನ್ನು ಸಂಪ್ರದಾಯವು ಆ ಘಟನೆಗೇ ಜೋಡಿಸುತ್ತದೆ. ಆದರೆ ಆ ಕೀರ್ತನೆಯಲ್ಲಿ ಪಾಪವೆಲ್ಲ ದೇವರೊಬ್ಬರಿಗೇ ವಿರುದ್ಧವಾದದ್ದು. ಊರೀಯನ ಹೆಸರಿಲ್ಲ. ಮಗಳ ಬಾಳು ಕಲಕಿಹೋದ ಎಲೀಯಾಮನನ್ನಾಗಲಿ, ಮುದುಕ ಅಹೀತೋಫೆಲನನ್ನಾಗಲಿ ದಾವೀದನು ಕರೆದು ಒಂದು ಮಾತಾಡಿದನೆಂದು ಪವಿತ್ರ ಗ್ರಂಥದಲ್ಲಿ ಎಲ್ಲೂ ಇಲ್ಲ. ವಿಚಿತ್ರವೆಂದರೆ, ನಾತಾನನ ಕಥೆ ತನ್ನದೇ ಎಂದು ತಿಳಿಯುವ ಮುನ್ನ ಕುರಿಮರಿಗೆ ನಾಲ್ಕರಷ್ಟು ಹಿಂದಿರುಗಿಸಬೇಕೆಂದು ತೀರ್ಪು ಕೊಟ್ಟವನು ಅವನೇ. ಪರಿಹಾರದ ಲೆಕ್ಕ ಅವನಿಗೆ ಗೊತ್ತಿತ್ತು.

ಈ ಮೌನ ನಮಗೆ ಅಪರಿಚಿತವೇನಲ್ಲ. ಅಜ್ಜಂದಿರ ಕಾಲದಿಂದ ಎರಡು ಮನೆಗಳ ನಡುವೆ ಅಗುಳಿ ಹಾಕಿದ ಬಾಗಿಲೇ ಇರುವುದಿಲ್ಲ. ತೆನೆಹಬ್ಬದ ಊಟ ಇಲ್ಲಿಂದ ಅಲ್ಲಿಗೆ ಹೋಗುತ್ತದೆ. ಇವರ ಮಗುವಿಗೆ ಅವರು ಜ್ಞಾನತಂದೆ. ಒಂದು ದಿನ ಗೆಳೆಯನ ಸಾಲಕ್ಕೆ ಗೆಳೆಯ ಜಾಮೀನು ಹಾಕುತ್ತಾನೆ. ಸಾಲ ತೀರುವುದಿಲ್ಲ, ಜಾಮೀನು ಹಾಕಿದವನ ತೋಟ ಹೋಗುತ್ತದೆ. ಸಾಲ ಮಾಡಿದವನು ಪಾಪನಿವೇದನೆ ಮಾಡಿ, ದೇವರ ಹತ್ತಿರ ಲೆಕ್ಕ ಮುಗಿಸಿದ್ದೇನೆ ಎನ್ನುತ್ತ ಪರಮಪ್ರಸಾದಕ್ಕೆ ಎದ್ದುಹೋಗುವುದನ್ನು, ತೋಟ ಕಳೆದುಕೊಂಡವನ ಮಕ್ಕಳು ಹಿಂದಿನ ಬೆಂಚಿನಿಂದ ನೋಡುತ್ತಾರೆ. ಪಾಪಕ್ಷಮೆಯು ಪಾಪವನ್ನು ಕಳೆಯುತ್ತದೆ, ಅದು ಮಾಡಿದ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ, ಕದ್ದದ್ದನ್ನು ಹಿಂದಿರುಗಿಸಬೇಕು ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಬೋಧಿಸುತ್ತದೆ. ಆದರೂ ಬಲಿಪೀಠದವರೆಗೆ ನಡೆಯುವುದಕ್ಕಿಂತ ಪಕ್ಕದ ಮನೆಯ ಮೆಟ್ಟಿಲು ಹತ್ತುವುದು ನಮಗೆ ಕಷ್ಟ.

ಹಾಗೆಂದು ಅಹೀತೋಫೆಲನನ್ನು ನಿರಪರಾಧಿಯೆಂದು ಎತ್ತಿ ಹಿಡಿಯಲು ನನ್ನಿಂದಾಗದು. ಅಬ್ಷಾಲೋಮನಿಗೆ ಅವನು ಕೊಟ್ಟ ಮೊದಲ ಸಲಹೆಯನ್ನೇ ನೋಡಿ. ಅರಮನೆ ಕಾಯಲು ದಾವೀದ ಬಿಟ್ಟುಹೋಗಿದ್ದ ಹತ್ತು ಮಂದಿ ಉಪಪತ್ನಿಯರನ್ನು ಜನರೆಲ್ಲರಿಗೂ ತಿಳಿಯುವಂತೆ ವಶಪಡಿಸಿಕೊಳ್ಳಬೇಕು ಎಂಬುದದು. ಅದಕ್ಕಾಗಿ ಡೇರೆ ಹಾಕಿದ್ದು ಮಾಳಿಗೆಯ ಮೇಲೆ. ತನ್ನ ಮೊಮ್ಮಗಳಿಗೆ ಆದದ್ದಕ್ಕೆ ಉರಿದವನು, ಬೇರೆ ಯಾರದೋ ಹತ್ತು ಹೆಣ್ಣುಮಕ್ಕಳಿಗೆ ಅದನ್ನೇ ಮಾಡಿಸಿದ! ದಾವೀದ ಹಿಂದಿರುಗಿದ ಮೇಲೆ ಆ ಹತ್ತು ಮಂದಿ ಸಾಯುವವರೆಗೂ ವಿಧವೆಯರಂತೆ ಕಾವಲಿನಲ್ಲಿ ದಿನ ಕಳೆದರು. ಗಂಡಸರ ಗೆಳೆತನ ಮುರಿದಾಗ ದಂಡ ತೆರುವವರು ಯಾರೆಂಬುದನ್ನು ಗ್ರಂಥಕರ್ತ ಮುಚ್ಚಿಟ್ಟಿಲ್ಲ.

ಎರಡನೆಯ ಸಲಹೆ ಇನ್ನೂ ವಿಚಾರಾರ್ಹ. ಹನ್ನೆರಡು ಸಾವಿರ ಮಂದಿಯನ್ನು ಕೊಡು, ಈ ರಾತ್ರಿಯೇ ಬೆನ್ನಟ್ಟಿ ಅರಸನೊಬ್ಬನನ್ನೇ ಕೊಂದು ಉಳಿದವರನ್ನು ಕರೆತರುತ್ತೇನೆ ಎಂದ. ಮೊಮ್ಮಗಳ ಮದುವೆಯಾಗಿರುವ ವಯಸ್ಸಿನ ಮಂತ್ರಿ, ತಾನೇ ದಂಡಿನ ಮುಂದೆ ಹೋಗಲು ಬಯಸುತ್ತಾನೆ! ಇದು ರಾಜಕಾರಣವಲ್ಲ, ಎದೆಯೊಳಗಿನ ಕಿಚ್ಚು. ಬತ್ಷೆಬೆಯ ಮಗ ಸೊಲೊಮೋನ ಆಗಲೇ ಹುಟ್ಟಿದ್ದ. ಸುಮ್ಮನೆ ಕಾದಿದ್ದರೆ ಮುದುಕನ ಮರಿಮಗನೇ ಸಿಂಹಾಸನವೇರುತ್ತಿದ್ದ. ಆದ್ದರಿಂದ ಸೇಡಿನ ಕಥೆ ನಿಲ್ಲದು ಎನ್ನುವವರಿದ್ದಾರೆ. ಸ್ವಂತ ಲಾಭದ ಲೆಕ್ಕ ಹಾಕುವ ಸೇಡನ್ನು ನಾನಂತೂ ಕಂಡಿಲ್ಲ.

ಆ ಸಲಹೆಯನ್ನು ಕೆಡಿಸಿದವನು ಹೂಷೈ. ದಾವೀದನ ಮಿತ್ರನೆಂಬ ಬಿರುದು ಗ್ರಂಥದಲ್ಲಿ ಅವನಿಗಿದೆ. ಅವನ ನಿಷ್ಠೆ ನಡೆದದ್ದು ಪೂರಾ ಸುಳ್ಳಿನ ಮೇಲೆ. ಅಬ್ಷಾಲೋಮನಿಗೆ ಜಯಕಾರ ಹಾಕಿ, ನಂಬಿಸಿ, ಕಾಲಹರಣದ ಸಲಹೆ ಕೊಟ್ಟ. ಮುಂದೆ ಎಫ್ರಯಿಮಿನ ಕಾಡಿನಲ್ಲಿ ನಡೆದ ಯುದ್ಧದಲ್ಲಿ ಇಪ್ಪತ್ತು ಸಾವಿರ ಮಂದಿ ಸತ್ತರೆಂದು ಬರೆದಿದೆ.

ತನ್ನ ಮಾತು ನಡೆಯಲಿಲ್ಲವೆಂದು ಕಂಡಾಗ ಅಹೀತೋಫೆಲ ಕೂಗಾಡಲಿಲ್ಲ. ಕತ್ತೆಗೆ ತಡಿ ಹಾಕಿಸಿ, ಗೀಲೋ ಊರಿಗೆ ಹೋಗಿ, ಮನೆಯ ವ್ಯವಹಾರವನ್ನೆಲ್ಲ ಕ್ರಮಪಡಿಸಿ ನೇಣು ಹಾಕಿಕೊಂಡ. ತಂದೆಯ ಸಮಾಧಿಯಲ್ಲೇ ಅವನನ್ನು ಹೂಳಿದರು. ದಂಗೆಕೋರ ಮಗ ಸತ್ತಾಗ ಹೆಬ್ಬಾಗಿಲ ಮೇಲಿನ ಕೋಣೆಗೆ ಹೋಗಿ ಗೋಳಾಡಿದ ದಾವೀದನು, ಈ ಗೆಳೆಯನ ಸಾವಿಗೆ ಏನೆಂದನೋ ಬರೆದಿಲ್ಲ.

ಸಂತ ಮತ್ತಾಯನ ಶುಭಸಂದೇಶದ ಮೊದಲ ಪುಟದಲ್ಲಿ ಯೇಸುಸ್ವಾಮಿಯ ವಂಶಾವಳಿಯಿದೆ. ಕ್ರಿಸ್ತಜಯಂತಿಯ ಹೊತ್ತಿಗೆ ಅದನ್ನು ದೇವಾಲಯದಲ್ಲಿ ಓದುತ್ತಾರೆ. ದಾವೀದನಿಂದ ಸೊಲೊಮೋನ ಎಂದು ಬರೆಯುವ ಕಡೆ ಬತ್ಷೆಬೆಯ ಹೆಸರನ್ನು ಮತ್ತಾಯ ಬರೆಯುವುದಿಲ್ಲ. ಊರೀಯನ ಹೆಂಡತಿ ಎಂದೇ ಬರೆದಿದ್ದಾನೆ.